ಟ್ಯಾಲಿ ನಿಧಾನ, ವೈಫೈ ನಿಧಾನ, ಮಧ್ಯಾಹ್ನ ಎಲ್ಲವೂ ನಿಧಾನ: ಗಂಜ್ ಆಫೀಸಿನ ನೆಟ್‌ವರ್ಕ್‌ಗೆ ಏನು ಮಾಡಲಿ?

ಗಂಜ್_ಲೆಕ್ಕಿಗ, ಮೇ 6, ಬೆಳಿಗ್ಗೆ 11:40

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ನೆಹರೂ ಗಂಜ್‌ನಲ್ಲಿ ತೊಗರಿ ವ್ಯಾಪಾರದ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ನಾನು ಕಂಪ್ಯೂಟರ್ ಓದಿದವನಲ್ಲ. ಆದರೆ ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡರೂ ನನ್ನನ್ನೇ ಕರೆಯುತ್ತಾರೆ, ಹಾಗಾಗಿ ನೆಟ್‌ವರ್ಕ್ ಕೂಡ ನನ್ನ ಕೊರಳಿಗೇ ಬಿದ್ದಿದೆ.

ಕೆಳಗಡೆ ಕೌಂಟರ್, ತೂಕದ ಕಂಪ್ಯೂಟರ್, ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್) ಡೇಟಾ ಇರುವ ಸರ್ವರ್. ಸರ್ವರ್ ಅಂದರೆ ಒಂದು ಹಳೇ ಡೆಸ್ಕ್‌ಟಾಪ್, ಅಷ್ಟೇ. ಮೇಲೆ ನಾವು ಐದು ಜನ ಮತ್ತು ಸಾವ್ಕಾರ್ರ ಕೋಣೆ. ಇಂಟರ್ನೆಟ್ ಫೈಬರ್, 200 ಎಂಬಿಪಿಎಸ್ ಪ್ಲಾನ್. ಕೆಳಗಿನಿಂದ ಮೇಲಕ್ಕೆ ಒಂದೇ ಒಂದು ಲ್ಯಾನ್ ಕೇಬಲ್ ಬಂದಿದೆ.

ಕಷ್ಟ ಮೂರು. ಮೇಲಿನ ಕಂಪ್ಯೂಟರ್‌ಗಳಲ್ಲಿ ಟ್ಯಾಲಿ ತೆರೆದುಕೊಳ್ಳುವಷ್ಟರಲ್ಲಿ ಚಹಾ ಕುಡಿದು ಬರಬಹುದು. ವೈಫೈ ಮೇಲೆ ಇದ್ದರೂ ಇಲ್ಲದ ಹಾಗೆ. ಮತ್ತೆ ಮಧ್ಯಾಹ್ನ ಮೂರರಿಂದ ನಾಲ್ಕೂವರೆ ತನಕ ಇಂಟರ್ನೆಟ್ ಸತ್ತೇ ಹೋಗುತ್ತದೆ. 20ರೊಳಗೆ ಜಿಎಸ್‌ಟಿಯ 3ಬಿ ರಿಟರ್ನ್ ಫೈಲ್ ಮಾಡಬೇಕು. ಸಾವ್ಕಾರ್ರು 12,000 ಕೊಟ್ಟು ಹೊಸ ರೂಟರ್ ತಾ ಅಂದಿದ್ದಾರೆ. ತರಲಾ?

ಬೀದರ್_ಹುಡುಗ, ಮೇ 6, ಮಧ್ಯಾಹ್ನ 12:05

ಇಂಟರ್ನೆಟ್ ಕಂಪನಿ ಬದಲಿಸಿ ಬಿಡಿ ಅಣ್ಣ. ನಾವೂ ಹಾಗೇ ಮಾಡಿದ್ದು.

ಕೇಬಲ್_ಕಾಕಾ, ಮೇ 6, ಮಧ್ಯಾಹ್ನ 12:50

ತಡೆಯಪ್ಪಾ ತಮ್ಮಾ. ಟ್ಯಾಲಿ ಡೇಟಾ ಕೆಳಗಿನ ಕೋಣೆಯಲ್ಲಿದೆ. ಅದು ಮೇಲಕ್ಕೆ ಬರಲು ಇಂಟರ್ನೆಟ್ ಯಾಕೆ ಬೇಕು? ಕಂಪನಿ ಬದಲಿಸಿದರೂ ಟ್ಯಾಲಿ ಹಾಗೇ ತೆವಳುತ್ತದೆ. 12,000ದ ರೂಟರ್ ತಂದರೂ ಅದೇ ಕೇಬಲ್ಲಿನಲ್ಲೇ ಹೋಗಬೇಕು.

ಲೆಕ್ಕಿಗರೇ, ದುಡ್ಡು ಕಿಸೆಯಲ್ಲೇ ಇರಲಿ. ಮೊದಲು ಇಷ್ಟು ಅಳೆದು ಹೇಳಿ. ಒಂದು ಜಿಬಿ ಆಸುಪಾಸಿನ ಒಂದೇ ಫೈಲ್ ತಗೊಳ್ಳಿ, ಸಣ್ಣ ಸಣ್ಣ ಫೈಲುಗಳ ಫೋಲ್ಡರ್ ಬೇಡ, ಅದು ಮೋಸ ಮಾಡುತ್ತದೆ. ಸರ್ವರ್‌ನಿಂದ ಕೆಳಗಿನ ಕೌಂಟರ್ ಕಂಪ್ಯೂಟರ್‌ಗೆ ಕಾಪಿ ಮಾಡಿ ಸ್ಪೀಡ್ ಬರೆದುಕೊಳ್ಳಿ. ಅದೇ ಫೈಲ್ ಮೇಲಿನ ಕಂಪ್ಯೂಟರ್‌ಗೆ ಕಾಪಿ ಮಾಡಿ, ಅದನ್ನೂ ಬರೆದುಕೊಳ್ಳಿ. ಆಮೇಲೆ ಸ್ಪೀಡ್ ಟೆಸ್ಟ್, ಕೆಳಗೊಮ್ಮೆ ಮೇಲೊಮ್ಮೆ, ತಂತಿಯಲ್ಲೇ. ವೈಫೈ ಸದ್ಯಕ್ಕೆ ಮರೆತುಬಿಡಿ.

ಹತ್ತಿ_ಮಿಲ್, ಮೇ 6, ಸಂಜೆ 4:15

ಯಾದಗಿರಿಯಿಂದ. ನಮ್ಮ ಜಿನ್ನಿಂಗ್ ಮಿಲ್ಲಿನಲ್ಲಿ ಹೋದ ವರ್ಷ ಇದೇ ಗೋಳು. ಒಬ್ಬರು ಮನೆಯ ಹಳೇ ರೂಟರ್ ತಂದು ಟೇಬಲ್ ಕೆಳಗೆ ಚುಚ್ಚಿದ್ದರು, ಹೆಚ್ಚಿಗೆ ಪೋರ್ಟ್ ಸಿಗಲಿ ಅಂತ. ಅದೂ ಐಪಿ, ಅಂದರೆ ಕಂಪ್ಯೂಟರ್‌ಗಳ ನೆಟ್‌ವರ್ಕ್ ವಿಳಾಸ, ಹಂಚಲು ಶುರು ಮಾಡಿತು. ಅರ್ಧ ಆಫೀಸು 192.168.1ರಲ್ಲಿ, ಇನ್ನರ್ಧ 192.168.0ರಲ್ಲಿ. ಯಾರಿಗೆ ಯಾವಾಗ ಸರ್ವರ್ ಕಾಣುತ್ತದೆ ಅಂತ ದೇವರಿಗೇ ಗೊತ್ತಿತ್ತು. ಎಲ್ಲ ಕಂಪ್ಯೂಟರ್‌ನಲ್ಲೂ ಐಪಿಕಾನ್ಫಿಗ್ ಕಮಾಂಡ್ ಕೊಟ್ಟು ಡೀಫಾಲ್ಟ್ ಗೇಟ್‌ವೇ (ಹೊರಗೆ ಹೋಗುವ ರೂಟರ್‌ನ ವಿಳಾಸ) ಒಂದೇ ಇದೆಯಾ ನೋಡಿ ಸರ್.

ಇನ್ನೊಂದು. ಸುಮ್ನೆ ಬಿದ್ದಿದ್ದ ಕೇಬಲ್ಲಿನ ಎರಡೂ ತುದಿಯನ್ನು ನಮ್ಮ ವಾಚ್‌ಮನ್ ಒಂದೇ ಸ್ವಿಚ್‌ಗೆ (ನೆಟ್‌ವರ್ಕ್ ಕೇಬಲ್‌ಗಳನ್ನೆಲ್ಲ ಕೂಡಿಸುವ ಡಬ್ಬಿ) ಹಾಕಿದ್ದ, ನೀಟಾಗಿ ಕಾಣಲಿ ಅಂತ. ಒಂದೇ ನಿಮಿಷದಲ್ಲಿ ಇಡೀ ಮಿಲ್ಲಿನ ನೆಟ್‌ವರ್ಕ್ ಬಿದ್ದಿತ್ತು. ಸಾಧಾರಣ ಸ್ವಿಚ್‌ಗೆ ಲೂಪ್ ತಡೆಯುವ ಬುದ್ಧಿ ಇಲ್ಲ, ಬಂದದ್ದನ್ನೇ ಸುತ್ತಿಸುತ್ತಾ ಕೂರುತ್ತದೆ.

ಗಂಜ್_ಲೆಕ್ಕಿಗ, ಮೇ 7, ಬೆಳಿಗ್ಗೆ 10:30

ಗೇಟ್‌ವೇ ಎಲ್ಲದರಲ್ಲೂ ಒಂದೇ ಇದೆ. ಕದ್ದು ಇಟ್ಟ ರೂಟರ್ ಇಲ್ಲ. ಲೂಪ್ ಕೂಡ ಇಲ್ಲ, ಎಲ್ಲ ಕೇಬಲ್ ಕೈಯಲ್ಲಿ ಹಿಡಿದು ನೋಡಿದೆ.

ಕಾಕಾ, ನೀವು ಕೇಳಿದ್ದು: ಸರ್ವರ್‌ನಿಂದ ಕೌಂಟರ್‌ಗೆ ಸೆಕೆಂಡಿಗೆ 11 ಎಂಬಿ, ಗಟ್ಟಿಯಾಗಿ ನಿಂತಿರುತ್ತದೆ. ಸರ್ವರ್‌ನಿಂದ ಮೇಲಕ್ಕೆ 2 ಎಂಬಿ, ನಡುನಡುವೆ ಸೊನ್ನೆಗೆ ಬಂದು ಮತ್ತೆ ಏಳುತ್ತದೆ. ಸ್ಪೀಡ್ ಟೆಸ್ಟ್ ಕೆಳಗೆ 92, ಮೇಲೆ 19.

ಲ್ಯಾಬ್_ಅಕ್ಕ, ಮೇ 7, ಬೆಳಿಗ್ಗೆ 11:10

ನಾನು ಇಲ್ಲೇ ಕಲಬುರಗಿಯಲ್ಲಿ ಒಂದು ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತೇನೆ. ನಿಮ್ಮ ಅಂಕಿಗಳು ಚೆನ್ನಾಗಿ ಮಾತಾಡುತ್ತಿವೆ ಸರ್.

11 ಎಂಬಿ ಮತ್ತು 92 ಎಂಬಿಪಿಎಸ್, ಎರಡೂ ಒಂದೇ ಕಥೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. 100 ಎಂಬಿಪಿಎಸ್ ಅನ್ನು ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ, ಪ್ರತಿ ಪ್ಯಾಕೆಟ್ಟಿಗೆ ಸುತ್ತುವ ವಿಳಾಸ ಗಿಳಾಸದ ಹೊದಿಕೆಯ ಖರ್ಚು ಕಳೆದರೆ 11 ಚಿಲ್ಲರೆ. ಅಂದರೆ ಕೆಳಗಿನ ಸ್ವಿಚ್ 100ರದ್ದು, ಗಿಗಾಬಿಟ್ (1000ದ್ದು) ಅಲ್ಲ. ನೀವು 200ಕ್ಕೆ ದುಡ್ಡು ಕಟ್ಟಿ ತಂತಿಯಲ್ಲಿ 92 ಪಡೆಯುತ್ತಿದ್ದೀರಿ. ಅದು ಇಂಟರ್ನೆಟ್ ಕಂಪನಿಯ ತಪ್ಪಲ್ಲ.

ಆದರೆ ಮೇಲೆ 2 ಎಂಬಿ ಬರುತ್ತಿರುವುದಕ್ಕೆ 100ರ ಸ್ವಿಚ್ ಕಾರಣವಾಗಲು ಆಗುವುದಿಲ್ಲ. ಅಲ್ಲಿ ಬೇರೆ ಏನೋ ಇದೆ. ಮೇಲಿನ ಕಂಪ್ಯೂಟರ್‌ನಿಂದ ಸರ್ವರ್‌ಗೆ ಪಿಂಗ್ ಹೊಡೆಯಿರಿ, ಅಂದರೆ ಒಂದು ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದಾ ನೋಡಿ, ಆದರೆ ಸಾಧಾರಣ ಪಿಂಗ್ ಬೇಡ. ಅದು 32 ಬೈಟಿನ ಪುಟ್ಟ ಪ್ಯಾಕೆಟ್, ಹಾಳಾದ ಕೇಬಲ್ಲಿನಲ್ಲೂ ಹೆಚ್ಚಾಗಿ ನುಸುಳಿಬಿಡುತ್ತದೆ. ಗಾತ್ರ 1400 ಕೊಡಿ, ಎಣಿಕೆ 100 ಕೊಡಿ.

ಗಂಜ್_ಲೆಕ್ಕಿಗ, ಮೇ 7, ಮಧ್ಯಾಹ್ನ 12:20

ಅಕ್ಕಾ, ಸಾಧಾರಣ ಪಿಂಗ್‌ನಲ್ಲಿ ಒಂದೂ ಕಳೆಯಲಿಲ್ಲ. 1400 ಕೊಟ್ಟಾಗ 100ರಲ್ಲಿ 7 ಹೋದವು. ಕೌಂಟರ್‌ನಿಂದ ಅದೇ ಪಿಂಗ್ ಹೊಡೆದರೆ ಒಂದೂ ಹೋಗುವುದಿಲ್ಲ.

ಕೇಬಲ್_ಕಾಕಾ, ಮೇ 7, ಮಧ್ಯಾಹ್ನ 1:00

ಸಿಕ್ಕಿತು ಬಾಲ. ಮೇಲೆ ಹೋಗುವ ಆ ಒಂದು ಕೇಬಲ್. ಅದರ ಎರಡೂ ತುದಿಯ ಕನೆಕ್ಟರ್‌ನ ಫೋಟೋ ಹಾಕಿ. ತಂತಿಗಳ ಬಣ್ಣ ಕಾಣಬೇಕು. ಅದು ಎಲ್ಲಿ ಹಾಯ್ದು ಹೋಗಿದೆ ಅಂತಲೂ ಹೇಳಿ.

ಗಂಜ್_ಲೆಕ್ಕಿಗ, ಮೇ 7, ಮಧ್ಯಾಹ್ನ 2:35

ಫೋಟೋ ಹಾಕಿದ್ದೇನೆ. ಕೇಬಲ್ ಸುಮಾರು 40 ಮೀಟರ್. ಲೈಟ್ ಹಾಕಿದ ಹುಡುಗನೇ ಕ್ರಿಂಪ್ ಮಾಡಿದ್ದು, ಅಂದರೆ ತುದಿಗೆ ಕನೆಕ್ಟರ್ ಒತ್ತಿ ಕೂರಿಸಿದ್ದು. ಅವನನ್ನು ಕೇಳಿದೆ. "ಟೆಸ್ಟರ್‌ನಲ್ಲಿ ಎಂಟೂ ದೀಪ ಹತ್ತಿವೆ ಸರ್, ಕೇಬಲ್ ಬರೋಬರ್ ಇದೆ" ಅಂದ.

ಕೇಬಲ್_ಕಾಕಾ, ಮೇ 7, ಮಧ್ಯಾಹ್ನ 3:10

ದೀಪ ಹತ್ತುತ್ತವೆ. ಹತ್ತಲೇಬೇಕು. ಆ 300 ರೂಪಾಯಿಯ ಟೆಸ್ಟರ್ ನೋಡುವುದು ಒಂದೇ ಸಂಗತಿ: ಈ ಕಡೆಯ ಒಂದನೇ ತಂತಿ ಆ ಕಡೆಯ ಒಂದಕ್ಕೆ ಮುಟ್ಟಿದೆಯಾ ಅಂತ. ಯಾವ ತಂತಿಗೆ ಯಾವುದು ಜೋಡಿ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ನಿಮ್ಮ ಫೋಟೋದಲ್ಲಿ ಕಿತ್ತಳೆ ಜೋಡಿ, ಆಮೇಲೆ ಹಸಿರು ಜೋಡಿ, ಆಮೇಲೆ ನೀಲಿ, ಆಮೇಲೆ ಕಂದು. ಜೋಡಿ ಜೋಡಿಯಾಗಿ ಅಕ್ಕಪಕ್ಕ. ಎರಡೂ ತುದಿಯಲ್ಲಿ ಅದೇ ಕ್ರಮ. ಕಣ್ಣಿಗೆ ಚಂದ. ಆದರೆ ತಪ್ಪು. ಕೇಬಲ್ಲಿನೊಳಗೆ ಎರಡೆರಡು ತಂತಿ ಹೆಣೆದುಕೊಂಡಿರುವುದು ಅಂದಕ್ಕಲ್ಲ. ಜೋಡಿಯ ಎರಡು ತಂತಿಯಲ್ಲಿ ಒಂದೇ ಸಿಗ್ನಲ್ ಉಲ್ಟಾ ಸುಲ್ಟಾ ಹೋಗುತ್ತದೆ. ಹೊರಗಿನ ಗದ್ದಲ ಎರಡಕ್ಕೂ ಸಮನಾಗಿ ತಾಗುತ್ತದೆ, ಆ ತುದಿಯಲ್ಲಿ ಒಂದರಿಂದ ಒಂದು ಕಳೆದುಹೋಗುತ್ತದೆ. 100ರ ನೆಟ್‌ವರ್ಕ್‌ನಲ್ಲಿ ಕೆಲಸ ಮಾಡುವುದು 1, 2 ಮತ್ತು 3, 6 ನಂಬರಿನ ಪಿನ್. 3 ಮತ್ತು 6 ಒಂದೇ ಜೋಡಿಯ ತಂತಿಗಳಾಗಿರಬೇಕು. ನಿಮ್ಮಲ್ಲಿ 3ಕ್ಕೆ ಹಸಿರು ಜೋಡಿಯದು, 6ಕ್ಕೆ ನೀಲಿ ಜೋಡಿಯದು ಬಂದು ಕೂತಿದೆ. ಗಂಡ ಒಂದು ಮನೆಯವನು, ಹೆಂಡತಿ ಇನ್ನೊಂದು ಮನೆಯವಳು. ಸಂಸಾರ ನಡೆಯುತ್ತದೆ, ಆದರೆ ದಿನಾ ಗದ್ದಲ. ಎರಡು ಮೀಟರ್ ತಂತಿಯಾಗಿದ್ದರೆ ಗೊತ್ತೂ ಆಗುತ್ತಿರಲಿಲ್ಲ. 40 ಮೀಟರ್‌ನಲ್ಲಿ ಗೊತ್ತಾಗುತ್ತದೆ.

ಸರಿಯಾದ ಕ್ರಮ ಬರೆದುಕೊಳ್ಳಿ. ಕ್ಲಿಪ್ ಕೆಳಗೆ ಮಾಡಿ ಹಿಡಿದು ಎಡದಿಂದ: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಎರಡೂ ತುದಿಗೆ ಇದೇ. ಹೆಣಿಗೆಯನ್ನು ಕನೆಕ್ಟರ್ ಹತ್ತಿರದ ತನಕ ಬಿಚ್ಚದೆ ಇಡಿ, ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಬೇಡಿ.

ಎಲ್ಲಿ ಹಾಯ್ದಿದೆ ಅಂತ ಹೇಳಲೇ ಇಲ್ಲ?

ಗಂಜ್_ಲೆಕ್ಕಿಗ, ಮೇ 7, ಸಂಜೆ 5:50

ಕಾಕಾ, ನಗಬೇಡಿ. ಗೋದಾಮಿನ ಎಲಿವೇಟರ್ ಮೋಟಾರಿನ ತ್ರೀ ಫೇಸ್ ವೈರ್ ಇದೆಯಲ್ಲ, ಅದೇ ಪೈಪಿನಲ್ಲಿ.

ಕೇಬಲ್_ಕಾಕಾ, ಮೇ 7, ಸಂಜೆ 5:55

ನಗುವುದಿಲ್ಲ, ಭಯ ಬೀಳುತ್ತೇನೆ. ಸ್ಪೀಡ್ ಆಮೇಲೆ. ಆ ಕರೆಂಟ್ ವೈರಿನ ಮೇಲ್ಮೈ ಸುಲಿದರೆ ನಿಮ್ಮ ಕಂಪ್ಯೂಟರ್‌ಗೇ ಕರೆಂಟ್ ಬರುತ್ತದೆ. ನಾಳೆಯೇ ಬೇರೆ ಪೈಪ್ ಹಾಕಿಸಿ, ಒಂದು ಅಡಿಯಾದರೂ ದೂರ ಇರಲಿ. ಮೋಟಾರ್ ಲೈನ್ ದಾಟಲೇಬೇಕಾದ ಕಡೆ ಅಡ್ಡ ದಾಟಿಸಿ, ಜೊತೆಯಲ್ಲಿ ಓಡಿಸಬೇಡಿ. ಹೊಸದೇ ಕೇಬಲ್ ಹಾಕುವುದಾದರೆ ಪೂರ್ತಿ ತಾಮ್ರದ್ದು ಕೇಳಿ ತಗೊಳ್ಳಿ. ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟದ್ದೂ ಅದೇ ಬಣ್ಣದ ಡಬ್ಬಿಯಲ್ಲೇ ಬರುತ್ತದೆ. ಚಾಕುವಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ.

ಗಂಜ್_ಲೆಕ್ಕಿಗ, ಮೇ 10, ಬೆಳಿಗ್ಗೆ 11:00

ಹೊಸ ಕೇಬಲ್, ಹೊಸ ಪೈಪ್, ಕಾಕಾ ಹೇಳಿದ ಬಣ್ಣ. ಆ ಹುಡುಗನನ್ನೇ ಕರೆಸಿದ್ದೆ, ಪಕ್ಕದಲ್ಲಿ ನಿಂತು ಬಣ್ಣ ಓದಿ ಹೇಳಿದೆ. 1400ರ ಪಿಂಗ್‌ನಲ್ಲಿ ಈಗ ಒಂದೂ ಕಳೆಯುವುದಿಲ್ಲ. ಟ್ಯಾಲಿ ಚುರುಕಾಗಿದೆ. ಆದರೆ ಕಾಪಿ ಸ್ಪೀಡ್ 6 ಎಂಬಿಗೇ ನಿಂತಿದೆ. ಕೆಳಗೆ 11 ಬಂದರೆ ಮೇಲೂ 11 ಬರಬೇಕಲ್ವಾ?

ಲ್ಯಾಬ್_ಅಕ್ಕ, ಮೇ 10, ಬೆಳಿಗ್ಗೆ 11:45

ಬರಬೇಕು. ಅಂದರೆ ಆ ಕೇಬಲ್ಲಿನಲ್ಲಿ ನಿಮ್ಮ ಜೊತೆ ಇನ್ಯಾರೋ ಪ್ರಯಾಣ ಮಾಡುತ್ತಿದ್ದಾರೆ. ಮೇಲಿನ ಸ್ವಿಚ್‌ಗೆ ಕಂಪ್ಯೂಟರ್ ಬಿಟ್ಟು ಇನ್ನೇನು ಚುಚ್ಚಿದ್ದೀರಿ?

ಗಂಜ್_ಲೆಕ್ಕಿಗ, ಮೇ 10, ಮಧ್ಯಾಹ್ನ 12:10

ಪ್ರಿಂಟರ್. ಮತ್ತೆ ಕ್ಯಾಮೆರಾದ ರೆಕಾರ್ಡರ್. ಕ್ಯಾಮೆರಾ 12, ಎಲ್ಲ ಕೆಳಗೆ ಗೋದಾಮಿನಲ್ಲಿವೆ. ದೀಪಾವಳಿಯಲ್ಲಿ ಹಾಕಿಸಿದ್ದು. ರೆಕಾರ್ಡರ್ ಮಾತ್ರ ಸಾವ್ಕಾರ್ರ ಕೋಣೆಯಲ್ಲಿ, ಕಳ್ಳರು ಅದನ್ನೇ ಹೊತ್ತುಕೊಂಡು ಹೋಗಬಾರದು ಅಂತ.

ಅಯ್ಯೋ. ಬರೆಯುತ್ತಾ ಬರೆಯುತ್ತಾ ಹೊಳೆಯಿತು. ನಿಧಾನ ಶುರುವಾದದ್ದೂ ದೀಪಾವಳಿಯ ನಂತರವೇ.

ಲ್ಯಾಬ್_ಅಕ್ಕ, ಮೇ 10, ಮಧ್ಯಾಹ್ನ 12:25

ಇದನ್ನು ಮೊದಲ ದಿನವೇ ಹೇಳಬೇಕಿತ್ತು ಸರ್! ಒಂದು ಕ್ಯಾಮೆರಾ ಎಷ್ಟು ಬಿಟ್‌ರೇಟ್‌ನಲ್ಲಿ ಕಳಿಸುತ್ತದೆ ಅಂತ ರೆಕಾರ್ಡರ್‌ನ ಸೆಟ್ಟಿಂಗ್‌ನಲ್ಲಿ ಇರುತ್ತದೆ, ನೋಡಿ. 4 ಎಂಬಿಪಿಎಸ್ ಇದ್ದರೆ ಹನ್ನೆರಡಕ್ಕೆ 48. ಹಗಲೂ ರಾತ್ರಿ, ಯಾರು ನೋಡಲಿ ಬಿಡಲಿ, ಅಷ್ಟು ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ. 100ರಲ್ಲಿ ಉಳಿದದ್ದು ಅರ್ಧ, ಅದನ್ನು ಎಂಟರಿಂದ ಭಾಗಿಸಿ. ನಿಮ್ಮ 6 ಎಂಬಿ ಬಂತು.

ಎರಡು ಗಿಗಾಬಿಟ್ ಸ್ವಿಚ್ ತನ್ನಿ, ಮೇಲೊಂದು ಕೆಳಗೊಂದು. ಎಂಟು ಪೋರ್ಟಿನದು ಎರಡು ಸಾವಿರದೊಳಗೆ ಸಿಗುತ್ತದೆ. ಗಿಗಾಬಿಟ್‌ಗೆ ಎಂಟೂ ತಂತಿ, ಅಂದರೆ ನಾಲ್ಕೂ ಜೋಡಿ ಬೇಕು. ಕಾಕಾ ಹೇಳಿದ ಬಣ್ಣದಲ್ಲಿದ್ದರೆ ತಾನೇ ಏರುತ್ತದೆ. ಆ ಕೇಬಲ್ಲಿನ ಮೇಲಿನ ತುದಿಯನ್ನು ನೇರವಾಗಿ ಒಂದು ಕಂಪ್ಯೂಟರ್‌ಗೆ ಚುಚ್ಚಿ ವಿಂಡೋಸ್‌ನಲ್ಲಿ ಎತರ್ನೆಟ್ ಸ್ಟೇಟಸ್ ತೆರೆದರೆ 1.0 ಜಿಬಿಪಿಎಸ್ ಅಂತ ಕಾಣಬೇಕು. 100 ಅಂತ ಕಂಡರೆ ಯಾವುದೋ ಒಂದು ತಂತಿ ಸರಿಯಾಗಿ ಕೂತಿಲ್ಲ, ಇಲ್ಲವೇ ಆ ಕಂಪ್ಯೂಟರ್‌ನ ಪೋರ್ಟೇ 100ರದ್ದು.

ಗಂಜ್_ಲೆಕ್ಕಿಗ, ಮೇ 12, ಮಧ್ಯಾಹ್ನ 4:00

ಸ್ವಿಚ್ ಹಾಕಿದೆ. ಮೇಲೆ ಕಾಪಿ ಸ್ಪೀಡ್ 85 ಎಂಬಿ! ಸೂಪರ್ ಮಾರ್ಕೆಟ್‌ಗೆ ಹೋಗಿ ಎಲ್ಲರಿಗೂ ಮಿರ್ಚಿ ಭಜಿ ತಂದೆ, ನನ್ನ ದುಡ್ಡಿನಲ್ಲೇ.

ಭಜಿ ತಿನ್ನುತ್ತಿರುವಾಗ ಮೂರು ಗಂಟೆಯಾಯಿತು. ಇಂಟರ್ನೆಟ್ ಸತ್ತಿತು.

ಹತ್ತಿ_ಮಿಲ್, ಮೇ 12, ಸಂಜೆ 4:20

ಬಿಸಿಲು ಸರ್, ಬಿಸಿಲು. ಮೇ ತಿಂಗಳು, ಮಧ್ಯಾಹ್ನ ಮೂರು ಗಂಟೆ, ನಮ್ಮ ಕಡೆ 42, 43. ರೂಟರ್ ಎಲ್ಲಿಟ್ಟಿದ್ದೀರಿ?

ಗಂಜ್_ಲೆಕ್ಕಿಗ, ಮೇ 12, ಸಂಜೆ 4:30

ಕಬ್ಬಿಣದ ಅಲ್ಮಾರಿ ಮೇಲೆ. ಕೈ ಇಟ್ಟರೆ ರೊಟ್ಟಿ ಹಂಚಿನ ಹಾಗೆ ಸುಡುತ್ತಿದೆ.

ಬೀದರ್_ಹುಡುಗ, ಮೇ 12, ಸಂಜೆ 4:34

ಹಂಗಾದರೆ ಅದೇ. ಬಿಸಿಲೇ.

ಕೇಬಲ್_ಕಾಕಾ, ಮೇ 12, ಸಂಜೆ 5:15

ನನಗೂ ಹಾಗೇ ಅನ್ನಿಸುತ್ತದೆ. ಮನೆಯ ರೂಟರ್‌ಗಳನ್ನು ಸಾಮಾನ್ಯವಾಗಿ 40 ಡಿಗ್ರಿ ತನಕದ ಗಾಳಿಗೆ ಮಾಡಿರುತ್ತಾರೆ. ನಮ್ಮ ಗಾಳಿಯೇ ಅದಕ್ಕಿಂತ ಮೇಲೆ. ಕೆಳಗಿಳಿಸಿ ಟೇಬಲ್ ಫ್ಯಾನ್ ಬಿಡಿ.

ಗಂಜ್_ಲೆಕ್ಕಿಗ, ಮೇ 13, ಸಂಜೆ 4:40

ಮಣ್ಣಿನ ಗಡಿಗೆ ಪಕ್ಕ, ಫ್ಯಾನ್ ಕೆಳಗೆ ಇಟ್ಟೆ. ರೂಟರ್ ತಣ್ಣಗಿದೆ. ಮೂರು ಗಂಟೆಗೆ ಮತ್ತೆ ಅದೇ.

ಲ್ಯಾಬ್_ಅಕ್ಕ, ಮೇ 13, ಸಂಜೆ 6:00

ನಾವೆಲ್ಲ ಬಿಸಿಲಿಗೇ ಗಂಟುಬಿದ್ದೆವು, ಅಳೆಯುವುದು ಮರೆತೆವು. ನಾಳೆ ಮೂರು ಗಂಟೆಗೆ ಎರಡು ಕಿಟಕಿ ತೆರೆದು ಎರಡು ಪಿಂಗ್ ಬಿಡಿ. ಒಂದು ರೂಟರ್‌ಗೆ, ಇನ್ನೊಂದು 8.8.8.8ಗೆ, ಅದು ಹೊರಗಿನ ಇಂಟರ್ನೆಟ್‌ನಲ್ಲಿರುವ ಗೂಗಲ್ ಸರ್ವರ್. ರೂಟರ್ ಬಿಸಿಗೆ ಸಾಯುತ್ತಿದ್ದರೆ ಎರಡೂ ಹಾಳಾಗುತ್ತವೆ.

ಗಂಜ್_ಲೆಕ್ಕಿಗ, ಮೇ 14, ಮಧ್ಯಾಹ್ನ 3:20

ರೂಟರ್‌ಗೆ 1 ಮಿಲಿಸೆಕೆಂಡ್, ಕದಲುವುದಿಲ್ಲ. 8.8.8.8ಗೆ ಬೆಳಿಗ್ಗೆ 20 ಆಸುಪಾಸು ಇತ್ತು, ಈಗ 400, 600. ಸ್ಪೀಡ್ ಟೆಸ್ಟ್‌ನಲ್ಲಿ ಡೌನ್‌ಲೋಡ್ ಎಳೆದಾಡಿ 30, ಅಪ್‌ಲೋಡ್ ಒಂದೂ ಇಲ್ಲ. ನಮ್ಮ ಪ್ಲಾನ್‌ನಲ್ಲಿ ಅಪ್‌ಲೋಡ್ 20 ಇದೆ.

ಲ್ಯಾಬ್_ಅಕ್ಕ, ಮೇ 14, ಮಧ್ಯಾಹ್ನ 3:28

ಅಪ್‌ಲೋಡ್ ಯಾರೋ ತುಂಬಿಸಿದ್ದಾರೆ. ಡೌನ್‌ಲೋಡ್ ಆಗುವಾಗಲೂ "ಬಂತು, ಇನ್ನು ಕಳಿಸು" ಅನ್ನುವ ಚೀಟಿಗಳು ಮೇಲ್ಮುಖವಾಗಿ ಹೋಗಬೇಕು. ಆ ದಾರಿ ಮುಚ್ಚಿದರೆ ಕೆಳಮುಖದ ದಾರಿ ಖಾಲಿ ಇದ್ದರೂ ಸರಿಯಾಗಿ ಬರುವುದಿಲ್ಲ. ರೂಟರ್ ಬೇರೆ, ಬಂದ ಪ್ಯಾಕೆಟ್ಟುಗಳನ್ನೆಲ್ಲ ಸಾಲಿನಲ್ಲಿ ನಿಲ್ಲಿಸಿಕೊಂಡು ಕೂರುತ್ತದೆ. ಆ ಸಾಲಿನಲ್ಲಿ ಕಾಯುವುದೇ ನಿಮ್ಮ 400 ಮಿಲಿಸೆಕೆಂಡ್.

ದಿನಾ ಮೂರು ಗಂಟೆಗೆ ನಿಮ್ಮಲ್ಲಿ ಏನಾಗುತ್ತದೆ?

ಗಂಜ್_ಲೆಕ್ಕಿಗ, ಮೇ 14, ಮಧ್ಯಾಹ್ನ 3:41

ಏನೂ ಆಗುವುದಿಲ್ಲ ಅಕ್ಕಾ. ಸಾವ್ಕಾರ್ರು ಊಟಕ್ಕೆ ಮನೆಗೆ ಹೋಗುತ್ತಾರೆ. ಉಂಡು ಸ್ವಲ್ಪ ಮಲಗಿ…

ಮಲಗುವುದಿಲ್ಲ. ಮಂಚದ ಮೇಲಿಂದ ಮೊಬೈಲ್‌ನಲ್ಲಿ ಕ್ಯಾಮೆರಾ ನೋಡುತ್ತಾರೆ. ಹನ್ನೆರಡೂ ಒಟ್ಟಿಗೆ. ಹಮಾಲರು ಕೂತಿದ್ದರೆ ಫೋನ್ ಮಾಡಿ ಎಬ್ಬಿಸುತ್ತಾರೆ.

ಕೇಬಲ್_ಕಾಕಾ, ಮೇ 14, ಮಧ್ಯಾಹ್ನ 3:50

ಹಹ್ಹಾ! ಬಿಸಿಲಿಗೆ ಸುಮ್ನೆ ಕೆಟ್ಟ ಹೆಸರು ಬಂತು. ನಾನೂ ಬೈದೆ.

ಸಾವ್ಕಾರ್ರಿಗೆ ನೋಡಬೇಡಿ ಅನ್ನಲು ಹೋಗಬೇಡಿ ತಮ್ಮಾ, ನೌಕರಿ ಹೋದೀತು. ಮೊಬೈಲ್ ಆಪ್‌ನಲ್ಲಿ ಮೇನ್ ಸ್ಟ್ರೀಮ್ (ಪೂರ್ತಿ ಕ್ವಾಲಿಟಿಯದು) ಬದಲು ಸಬ್ ಸ್ಟ್ರೀಮ್ (ಕಡಿಮೆ ಕ್ವಾಲಿಟಿಯದು) ಇಟ್ಟುಕೊಡಿ. ಕ್ಯಾಮೆರಾಗೆ ಅರ್ಧ ಎಂಬಿಪಿಎಸ್ ಅಂತ ಇಟ್ಟರೆ ಹನ್ನೆರಡಕ್ಕೆ 6. ಮೊಬೈಲ್ ಪರದೆಯಲ್ಲಿ ಹನ್ನೆರಡು ಚೌಕ ಅಂದರೆ ಒಂದೊಂದೂ ಅಂಚೆ ಚೀಟಿಯಷ್ಟು, ವ್ಯತ್ಯಾಸ ಗೊತ್ತಾಗುವುದಿಲ್ಲ. ರೆಕಾರ್ಡಿಂಗ್ ಮೊದಲಿನ ಹಾಗೇ ಪೂರ್ತಿ ಕ್ವಾಲಿಟಿಯಲ್ಲಿ ಇರುತ್ತದೆ.

ಬೀದರ್_ಹುಡುಗ, ಮೇ 14, ಸಂಜೆ 7:30

ಅಣ್ಣ, ವೈಫೈ ವಿಷಯ ಬಿಟ್ಟೇ ಹೋಯಿತು. ನಮ್ಮ ಆಫೀಸಿನದೂ ಅದೇ ಪಾಡು, ಅದಕ್ಕೇ ಕಾಯುತ್ತಿದ್ದೇನೆ. ಕಂಪನಿ ಬದಲಿಸಿದರೂ ಸರಿಯಾಗಲಿಲ್ಲ, ನಿಜ ಹೇಳಬೇಕೆಂದರೆ.

ಗಂಜ್_ಲೆಕ್ಕಿಗ, ಮೇ 15, ಬೆಳಿಗ್ಗೆ 10:15

ಮೊದಲ ದಿನವೇ ಹೇಳಬಾರದಿತ್ತಾ ತಮ್ಮಾ!

ನಮ್ಮದು ಹಳೇ ಕಟ್ಟಡ. ಎರಡು ಅಡಿ ದಪ್ಪದ ಕಲ್ಲಿನ ಗೋಡೆ, ನಡುವೆ ಶಹಾಬಾದ್ ಫರಸಿ. ರೂಟರ್ ಕೆಳಗೆ. ಮೇಲೆ ಮೆಟ್ಟಿಲ ಹತ್ತಿರ ರಿಪೀಟರ್ ಇದೆ. ಮೊಬೈಲ್‌ನಲ್ಲಿ ವೈಫೈ ನೋಡುವ ಆಪ್ ಹಾಕಿಕೊಂಡೆ. ಮೆಟ್ಟಿಲಲ್ಲಿ ರೂಟರ್‌ನ ಸಿಗ್ನಲ್ ಮೈನಸ್ 76 ಡಿಬಿಎಂ (ಸೊನ್ನೆಗೆ ಹತ್ತಿರ ಬಂದಷ್ಟೂ ಜೋರಂತೆ). ಅಕ್ಕಪಕ್ಕದ ಅಡತಿ ಅಂಗಡಿಗಳ ವೈಫೈ ಎಣಿಸಿದರೆ 23. ನಮ್ಮದು ಚಾನೆಲ್ 4ರಲ್ಲಿದೆ, ಅಗಲ 40 ಮೆಗಾಹರ್ಟ್ಸ್.

ಲ್ಯಾಬ್_ಅಕ್ಕ, ಮೇ 15, ಬೆಳಿಗ್ಗೆ 11:05

ಕಲ್ಲಿನ ಗೋಡೆ ಮನೆ ತಂಪಾಗಿಡುತ್ತದೆ, ವೈಫೈಯನ್ನೂ ಅಲ್ಲೇ ತಡೆದು ಇಡುತ್ತದೆ. ಮೈನಸ್ 76 ಅಂದರೆ ಪಿಸುಮಾತು. ಮೈನಸ್ 65 ಆಸುಪಾಸು ಸಿಗಬೇಕು, ಮೈನಸ್ 50 ಇದ್ದರೆ ಹಬ್ಬ. ರಿಪೀಟರ್ ಆ ಪಿಸುಮಾತನ್ನು ಕೇಳಿಸಿಕೊಂಡು ಜೋರಾಗಿ ಹೇಳುತ್ತದೆ. ಕೇಳುವುದೂ ಹೇಳುವುದೂ ಒಂದೇ ಚಾನೆಲ್‌ನಲ್ಲಿ ಆದರೆ ಸ್ಪೀಡ್ ಅರ್ಧಕ್ಕೆ ಇಳಿಯುತ್ತದೆ. ಅದನ್ನು ತೆಗೆದುಬಿಡಿ.

ಮೇಲೆ ಈಗ ಗಟ್ಟಿ ಕೇಬಲ್ ಇದೆಯಲ್ಲ! ಸಾವ್ಕಾರ್ರ 12,000 ಬೇಡ. ಎರಡು ಬ್ಯಾಂಡಿನ (2.4 ಮತ್ತು 5 ಗಿಗಾಹರ್ಟ್ಸ್), ಗಿಗಾಬಿಟ್ ಪೋರ್ಟಿನ ಸಾಧಾರಣ ರೂಟರ್ ಸಾಕು. ಅದನ್ನು ಆಕ್ಸೆಸ್ ಪಾಯಿಂಟ್ ಮಾಡಿ, ಅಂದರೆ ಕೇಬಲ್ಲಿನಿಂದ ಬಂದದ್ದನ್ನು ವೈಫೈಯಲ್ಲಿ ಹಂಚುವ ಕೆಲಸ ಮಾತ್ರ ಕೊಡಿ. ಕೆಳಗಿನ ರೂಟರ್ 192.168.1.1 ಆಗಿದ್ದರೆ ಇದಕ್ಕೆ ಐಪಿ 192.168.1.2 ಕೊಡಿ. ಡಿಎಚ್‌ಸಿಪಿ (ಐಪಿ ಹಂಚುವ ಕೆಲಸ) ಮರೆಯದೆ ಆಫ್ ಮಾಡಿ, ಇಲ್ಲದಿದ್ದರೆ ಯಾದಗಿರಿಯ ಕಥೆ ನಿಮ್ಮಲ್ಲೂ ಆಗುತ್ತದೆ. ಸ್ವಿಚ್‌ನಿಂದ ಬರುವ ತಂತಿಯನ್ನು ಅದರ ಲ್ಯಾನ್ ಪೋರ್ಟಿಗೆ ಹಾಕಿ, ವ್ಯಾನ್ (ಇಂಟರ್ನೆಟ್) ಪೋರ್ಟಿಗಲ್ಲ.

2.4ರಲ್ಲಿ ಒಂದಕ್ಕೊಂದು ಮೈ ತಾಗದ ಚಾನೆಲ್ ಮೂರೇ: 1, 6, 11. ನೀವು 4ರಲ್ಲಿ 40 ಅಗಲ ಹರಡಿಕೊಂಡರೆ 1ರವರಿಗೂ 6ರವರಿಗೂ ಅಡ್ಡ, ಅವರೂ ನಿಮಗೆ ಅಡ್ಡ. ಮೂರರಲ್ಲಿ ಖಾಲಿ ಇರುವುದನ್ನು ಹಿಡಿದು ಅಗಲ 20 ಮಾಡಿ. ಲ್ಯಾಪ್‌ಟಾಪ್, ಮೊಬೈಲ್‌ಗಳನ್ನು 5ಕ್ಕೆ ಹತ್ತಿಸಿ. 5 ಕಲ್ಲು ದಾಟುವುದು ಇನ್ನೂ ಕಷ್ಟ, ಆದರೆ ನಿಮಗೆ ಈಗ ದಾಟುವ ಕೆಲಸವೇ ಇಲ್ಲ. ಅಕ್ಕಪಕ್ಕದವರ 5 ಕೂಡ ಆ ಗೋಡೆ ದಾಟಿ ಬರುವುದಿಲ್ಲ. ಕಲ್ಲು ಈಗ ನಿಮ್ಮ ಪಕ್ಷ.

ಗಂಜ್_ಲೆಕ್ಕಿಗ, ಮೇ 18, ಸಂಜೆ 6:10

ಮೇಲಿನ ವೈಫೈಯಲ್ಲಿ 180. ತಂತಿಯಲ್ಲಿ 195. ಮಧ್ಯಾಹ್ನ ಮೂರಕ್ಕೆ 8.8.8.8 ಪಿಂಗ್ 22. 3ಬಿ ಇವತ್ತೇ ಹಾಕಿದೆ. ಸಾವ್ಕಾರ್ರು ಮಂಚದ ಮೇಲಿಂದ ಫೋನ್ ಮಾಡಿ, "ಈಗ ಕ್ಯಾಮೆರಾ ಮೊದಲಿಗಿಂತ ಜಲ್ದಿ ಓಪನ್ ಆಗ್ತದಲ್ಲೋ" ಅಂದರು. ಆಗಲೇಬೇಕಲ್ವಾ, ಅವರ ದಾರಿಯೂ ಅದೇ ಆಗಿತ್ತು.

ಎರಡು ಸ್ವಿಚ್, ಕೇಬಲ್, ಪೈಪ್, ಮೇಲಿನ ರೂಟರ್, ಕೂಲಿ ಎಲ್ಲ ಸೇರಿ 12,000ದೊಳಗೇ ಮುಗಿಯಿತು. ಉಳಿದ ದುಡ್ಡನ್ನು ವಾಪಸ್ ಕೊಟ್ಟೆ. ಭಜಿಯ ದುಡ್ಡು ಕೇಳಲು ಮನಸ್ಸು ಬರಲಿಲ್ಲ.

ಆ ಕ್ರಿಂಪಿಂಗ್ ಹುಡುಗ ನಿನ್ನೆ ಬಂದಿದ್ದ. ಕಾಕಾನ ಬಣ್ಣದ ಕ್ರಮ ನನ್ನ ಟೇಬಲ್ ಮೇಲೆ ಅಂಟಿಸಿದ್ದೆ, ಅದರ ಫೋಟೋ ಹೊಡೆದುಕೊಂಡ. ಯಾಕೋ ಅಂತ ಕೇಳಿದೆ. ಗಂಜ್‌ನಲ್ಲೇ ಇನ್ನೂ ಆರು ಅಂಗಡಿಗೆ ಹಳೇ ಲೆಕ್ಕದಲ್ಲೇ ಹಾಕಿದ್ದಾನಂತೆ. "ಬಿಚ್ಚಿ ಹಾಕಿ ಕೊಡ್ತೀನಿ ಸರ್, ಆದರೆ ಅದಕ್ಕೆ ಬೇರೆ ರೊಕ್ಕ ಕೇಳಬಹುದಾ?" ಅಂದ.

ಕೇಬಲ್_ಕಾಕಾ, ಮೇ 18, ಸಂಜೆ 6:25

ಅವನ ನಂಬರ್ ನನಗೆ ಖಾಸಗಿಯಾಗಿ ಕಳಿಸಿ. ನಾನು ಮಾತಾಡುತ್ತೇನೆ.